ಕಂಟಿನ್ಯುಟಿ ಪುಸ್ತಕ

ನೆನಪಿಡುವುದು ನನ್ನ ಕೆಲಸ. ಅದಕ್ಕೇ ಸಂಬಳ.
ಯಾವ ಗ್ಲಾಸಿನಲ್ಲಿ ಎಷ್ಟು ಚಹಾ, ಯಾವ ಗುಂಡಿ ಬಿಚ್ಚಿತ್ತು,
ಅಪ್ಪ ಬಾಗಿಲು ದೂಡಿದಾಗ ಸಿಗರೇಟು ಎಷ್ಟು ಉರಿದಿತ್ತು,
ಏಟು ಬಿದ್ದದ್ದು ಯಾವ ಕೆನ್ನೆಗೆ.

ಬೋಸ್ಫರಸ್ ದಂಡೆಯ ಹಳೇ ಬೂಟಿನ ಕಾರ್ಖಾನೆ;
ಈಗ ಅದರೊಳಗೆ ಮೂರೇ ಗೋಡೆಯ ಒಂದು ಮನೆ.
ನಾಲ್ಕನೆಯದು ಇರಬೇಕಾದಲ್ಲಿ ನಾವು ನಲವತ್ತು ಜನ
ಬಾಯಲ್ಲಿಟ್ಟ ಸೂರ್ಯಕಾಂತಿ ಬೀಜ ಕಡಿಯದೆ ನಿಂತಿರುತ್ತೇವೆ.
ಗೋಡೆ ಗಡಿಯಾರ ಏಳು ಹತ್ತಕ್ಕೆ ನಿಂತಿದೆ. ನಾನೇ ನಿಲ್ಲಿಸಿದ್ದು.
ಆ ಮನೆಯಲ್ಲಿ ಸದಾ ಅಪ್ಪ ಬರುವ ಹೊತ್ತು.

ಅಪ್ಪ, ಹಾಲುಕ್ ಬೇ. ಪಾತ್ರದಲ್ಲಿ ಮೀನು ಹರಾಜಿನವನು,
ಮಾತು ಕಡಿಮೆ, ಬೆಲ್ಟು ಅಗಲ.
ಸೆಟ್ಟಿನಿಂದ ಹೊರಬಂದರೆ ನೊಣವನ್ನೂ ನೋಯಿಸದ ಮುದುಕ;
ಹುಡುಗನಿಗೆ ಸುಟ್ಟ ಚೆಸ್ಟ್‌ನಟ್ ಸುಲಿದು, ಊದಿ ಕೊಡುತ್ತಾನೆ.
ಹೊಡೆತದ ದೃಶ್ಯಕ್ಕೆ ಮೊದಲು ಅಂಗೈ ತೋರಿಸಿ
"ತಾಗುವುದಿಲ್ಲ ಮರಿ, ಗಾಳಿಗಷ್ಟೇ" ಅನ್ನುತ್ತಾನೆ.
ಸದ್ದನ್ನು ಆಮೇಲೆ ಸೇರಿಸುತ್ತಾರೆ,
ಒದ್ದೆ ಚರ್ಮವನ್ನು ಮೇಜಿಗೆ ಬಡಿದು.

ಹುಡುಗ, ತಾಯ್ಲಾನ್. ಹನ್ನೊಂದು ವರ್ಷ, ಮುಂದಿನ ಹಲ್ಲು ಅರ್ಧ.
ಐದನೇ ಕಂತು, ಹದಿನೇಳನೇ ದೃಶ್ಯ, ಒಂಬತ್ತು ಟೇಕು.
ಎಂಟರಲ್ಲೂ ಅವನು ಏಟು ಬಂದ ಮೇಲೆ ಬೆಚ್ಚಿದ, ಹೇಳಿಕೊಟ್ಟ ಹಾಗೆ.
ಒಂಬತ್ತರಲ್ಲಿ ಕೈ ಇನ್ನೂ ಮೇಜಿನ ಮೇಲೆಯೇ ಇತ್ತು,
ಬೆರಳು ಅಲುಗಿದ್ದಷ್ಟೇ,
ಎಡಭುಜ ಕಿವಿಗೆ ಏರಿತು, ಗದ್ದ ಒಳಕ್ಕೆ, ಕಣ್ಣು ಮಾತ್ರ ತೆರೆದೇ.
"ಇದು! ಇದು ನಟನೆ!" ನಿರ್ದೇಶಕ ಕುರ್ಚಿ ಬೀಳಿಸಿ ಎದ್ದ.
ನಾನು ಬರೆದೆ: ಎಡಭುಜ, ಕಿವಿಯ ಮಟ್ಟ.
ಹಿಂದಿನದಕ್ಕೆ ಹೊಂದುವುದಿಲ್ಲ.

ಆ ರಾತ್ರಿ ಎರಡೂವರೆಗೆ ಪ್ಯಾಕಪ್.
ಗೇಟಿನಾಚೆ ವ್ಯಾನು, ಅದರಲ್ಲಿ ಅವನ ಅಪ್ಪ ಬಹತ್ತಿನ್,
ಗ್ಯಾಸ್ ಸಿಲಿಂಡರು ಹೊರುವವನು,
ನನ್ನನ್ನು ಕಂಡರೆ ಎದೆಗೆ ಕೈಯಿಟ್ಟು ತಲೆಬಾಗುವವನು.
ಇಳಿದು ಬಂದ. ಮಗನ ಚೀಲ ಈಸಿಕೊಳ್ಳಲೋ
ಟೋಪಿ ಸರಿಮಾಡಿಕೊಳ್ಳಲೋ, ಕೈ ಎತ್ತಿದ.

ಎಡಭುಜ. ಕಿವಿಯ ಮಟ್ಟ.
ಕರಾರುವಾಕ್ಕು. ಕೂದಲೆಳೆಯ ವ್ಯತ್ಯಾಸವಿಲ್ಲ.
ಇಪ್ಪತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೊಂದಿದ್ದನ್ನು ಕಂಡಿರಲಿಲ್ಲ.
ಪುಸ್ತಕ ತೆರೆದೇ ಇತ್ತು, ಪೆನ್ನೂ ಇತ್ತು.
ಯಾವ ಕಂತು ಎಂದು ಬರೆಯಲಿ?
"ಚಳಿ ಇದೆ, ಬೇಗ ಹೋಗಿ" ಅಂದೆ. ಅಷ್ಟೇ ಅಂದದ್ದು.

ಈ ನಡುವೆ ಹಾಲುಕ್ ಬೇ ಮೇಲೆ ದೇಶಕ್ಕೇ ಪ್ರೀತಿ ಹುಟ್ಟಿತು.
ಇಜ್ಮಿರಿನಿಂದ, ಕಾರ್ಸಿನ ಹಿಮದಿಂದ ತಾಯಂದಿರು ಬರೆದರು:
ಪಾಪ, ಅವನಿಗೂ ಕಷ್ಟವಿದೆ. ಮಗ ಕ್ಷಮಿಸಲಿ.
ಕಥೆಯವರು ತಿದ್ದಿದರು. ಗಂಡಸಿಗೆ ಎದೆನೋವು ಕೊಟ್ಟರು,
ಬಿಳಿ ಹಾಸಿಗೆ ಕೊಟ್ಟರು, ಕಿಟಕಿಗೊಂದು ದೋಣಿ ಕೊಟ್ಟರು.
ಹತ್ತನೇ ಕಂತು: ಮಗ ಓಡಿಬಂದು ಅಪ್ಪನನ್ನು ಅಪ್ಪುತ್ತಾನೆ.

ಓಡಿಬಂದ. ಹಾಸಿಗೆಯ ಅಂಚಿಗೆ ನಿಂತ.
ಹಾಲುಕ್ ಬೇ ತೋಳು ಚಾಚಿ ಕಾದ, ಕಣ್ಣಲ್ಲಿ ನಿಜದ ನೀರು.
ಮತ್ತೊಮ್ಮೆ. ಮತ್ತೆ ಅಲ್ಲೇ ನಿಂತ.
ನಾಲ್ಕನೆಯ ಸಲಕ್ಕೆ ಲೈಟಿನವರು ಗೊಣಗಿದರು.

ಆಗ ಅವನು ನನ್ನ ಕುರ್ಚಿಯ ಬಳಿ ಬಂದ,
ಮರೆತ ಪಾಠ ಕೇಳುವವನ ಹಾಗೆ, ಮೆಲ್ಲಗೆ:
"ಸೆವಿಲಾಯ್ ಅಕ್ಕ, ಹಿಂದಿನ ಸಲ ಅಪ್ಪನನ್ನು ಅಪ್ಪಿದಾಗ
ನನ್ನ ಕೈ ಎಲ್ಲಿತ್ತು?"

ಹಾಳೆ ತಿರುವಿದೆ. ಒಂಬತ್ತು, ಎಂಟು, ಏಳು.
ಚಹಾ ಇತ್ತು, ಗುಂಡಿ ಇತ್ತು, ಬೂದಿಯ ಉದ್ದವೂ ಇತ್ತು.
ಅವನು ತಾಳ್ಮೆಯಿಂದ ನಿಂತಿದ್ದ,
ನನ್ನ ಹತ್ತಿರ ಎಲ್ಲ ಇರುತ್ತದೆಂದು ನಂಬಿ.
ನಾಲ್ಕು, ಮೂರು.
ಮೊದಲ ಪುಟ ಬಂತು.
ಅದರ ಹಿಂದೆ ಬರೀ ರಟ್ಟು.